ಚಿಕ್ಕಮಗಳೂರಿನಲ್ಲಿ ಜಾಝ್ ಬಳಗ ಕಟ್ಟುವುದು ಹೇಗೆ? ವಾದ್ಯಕ್ಕಿಂತ ಮೊದಲು ಜನರನ್ನು ಹುಡುಕಿ

ಚಿಕ್ಕಮಗಳೂರಿನಲ್ಲಿ ಜಾಝ್ ನುಡಿಸುವವರು ಯಾರಿದ್ದಾರೆ ಅಂತ ಕೇಳುವವರು ಜಾಸ್ತಿ. ನಾನು ಅವರಿಗೆ ಬೇರೆಯೇ ಪ್ರಶ್ನೆ ಕೇಳುತ್ತೇನೆ. ತಿಂಗಳಿಗೊಮ್ಮೆ ಒಂದು ಹಾಲ್‌ನ ಬೀಗ ತೆಗೆದು, ಕುರ್ಚಿ ಹಾಕಿ, ಬಂದವರನ್ನು ಹೆಸರು ಹಿಡಿದು ಮಾತನಾಡಿಸುವವರು ಯಾರಿದ್ದಾರೆ? ಅಂಥ ನಾಲ್ಕು ಜನ ಸಿಕ್ಕರೆ ಸಾಕು, ನುಡಿಸುವವರು ಒಬ್ಬೊಬ್ಬರಾಗಿ ಬರುತ್ತಾರೆ. ಆ ನಾಲ್ಕು ಜನ ಇಲ್ಲದಿದ್ದರೆ ಎಷ್ಟು ಒಳ್ಳೆಯ ವಾದಕರಿದ್ದರೂ ಎರಡು ಕಾರ್ಯಕ್ರಮ ಆಗಿ ನಿಂತುಹೋಗುತ್ತದೆ.

ಜಾಝ್ ಚರಿತ್ರೆಯಲ್ಲಿ ವಾದಕರ ಹೆಸರೇ ಮುಂದೆ ಇರುತ್ತದೆ. ಆದರೆ ಅವರ ಹಿಂದೆ ಯಾರೋ ಬಾಗಿಲು ತೆರೆದು ಇಟ್ಟಿರುತ್ತಾರೆ. 1961ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಲನ್ ಜ್ಯಾಫಿ ಮತ್ತು ಸಾಂಡ್ರಾ ಜ್ಯಾಫಿ ಎಂಬ ಯುವ ದಂಪತಿ ಪ್ರಿಸರ್ವೇಷನ್ ಹಾಲ್ ಎಂಬ ಚಿಕ್ಕ ಜಾಗದ ಹೊಣೆ ಹೊತ್ತರು. ಕೂರಲು ಬೆಂಚು, ಕುಡಿಯಲು ಮದ್ಯವಿಲ್ಲ, ಊಟವಿಲ್ಲ. ಅವಕಾಶ ಕಡಿಮೆಯಾಗಿದ್ದ ವಯಸ್ಸಾದ ವಾದಕರು ಅಲ್ಲಿ ಮತ್ತೆ ನುಡಿಸಿದರು. ಆ ಹಾಲ್ ಇವತ್ತಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲೇ ನೋಡಿ. 1978ರಲ್ಲಿ ಮುಂಬೈಯಲ್ಲಿ ಜಾಝ್ ಯಾತ್ರಾ ಉತ್ಸವ ಶುರುವಾದದ್ದು ನಿರಂಜನ್ ಝವೇರಿ ಎಂಬ ಜಾಝ್ ಪ್ರೇಮಿಯ ಹಟದಿಂದ.

ಈ ಬರಹ ಅಂಥವರಿಗಾಗಿ. ಚಿಕ್ಕಮಗಳೂರನ್ನು ಇಟ್ಟುಕೊಂಡು ಬರೆದಿದ್ದೇನೆ. ಹಾಸನದವರಿಗೂ ಬಹುತೇಕ ಹೀಗೇ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಊರಲ್ಲಿ ಈಗಾಗಲೇ ಇರುವವರನ್ನು ಗುರುತಿಸಿ

ಜಾಝ್ ಗೊತ್ತಿರುವವರನ್ನು ಹುಡುಕಬೇಡಿ. ವಾದ್ಯ ಗೊತ್ತಿರುವವರನ್ನು ಹುಡುಕಿ. ನಮ್ಮ ಕಡೆ ಅವರು ಬೇಕಾದಷ್ಟು ಜನ ಇದ್ದಾರೆ.

ಸ್ಯಾಕ್ಸೋಫೋನ್‌ನಿಂದ ಶುರು ಮಾಡೋಣ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಎಷ್ಟೋ ಮದುವೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಈಗ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಸುತ್ತದೆ. ಇದಕ್ಕೆ ದಾರಿ ಮಾಡಿದವರು ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019). ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳಲ್ಲೂ ನುಡಿಸಿದರು. ಮುಂದೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಸೇರಿ ಧ್ವನಿಮುದ್ರಣ ಮಾಡಿದರು. ಅಂದರೆ ನಮ್ಮ ಮದುವೆ ಮನೆಯ ಸ್ಯಾಕ್ಸೋಫೋನ್‌ಗೂ ಜಾಝ್‌ಗೂ ನಡುವಿನ ಬಾಗಿಲು ಆಗಲೇ ತೆರೆದಿದೆ. ಈ ವಾದಕರಿಗೆ ಉಸಿರಿದೆ, ಬೆರಳು ಓಡುತ್ತದೆ, ಗಂಟೆಗಟ್ಟಲೆ ನುಡಿಸುವ ಶಕ್ತಿಯಿದೆ. ಬದಲಾಗುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮೇಲೆ ನುಡಿಸುವ ಅಭ್ಯಾಸ ಮಾತ್ರ ಇಲ್ಲ. ಅದು ಕಲಿಯಬಹುದಾದ ವಿಷಯ.

ಆಮೇಲೆ ಮೆರವಣಿಗೆಯ ಬ್ಯಾಂಡ್ ಸೆಟ್. ಟ್ರಂಪೆಟ್, ಕ್ಲಾರಿನೆಟ್, ಯೂಫೋನಿಯಂ ನುಡಿಸುವವರು ಅಲ್ಲಿರುತ್ತಾರೆ. ಜಿಲ್ಲಾ ಪೊಲೀಸ್ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದವರು ಇದ್ದರೆ ಅವರನ್ನು ಮನೆಗೇ ಹೋಗಿ ಕರೆಯಿರಿ. ಶಿಸ್ತು, ಶ್ರುತಿ, ಸಮಯ ಮೂರೂ ಅವರ ಹತ್ತಿರ ಇರುತ್ತದೆ. ಕೆಲಸದಲ್ಲಿರುವವರನ್ನು ಕರೆಯಬೇಕಾದರೆ ಎಸ್‌ಪಿ ಕಚೇರಿಗೆ ಪತ್ರ ಕೊಟ್ಟು ಅನುಮತಿ ಕೇಳಿ.

ಚರ್ಚ್‌ನ ಗಾಯನ ತಂಡಗಳನ್ನು ಮರೆಯಬೇಡಿ. ಕೀಬೋರ್ಡ್, ಗಿಟಾರ್ ನುಡಿಸುವವರು ಅಲ್ಲಿ ಸಿಗುತ್ತಾರೆ. ಒಂದೇ ಹಾಡನ್ನು ಮೂರು ನಾಲ್ಕು ಸ್ವರಸ್ತರಗಳಲ್ಲಿ ಒಟ್ಟಿಗೆ ಹಾಡುವ ಅಭ್ಯಾಸವೂ ಅಲ್ಲಿದೆ. ಕಾಲೇಜು ಬ್ಯಾಂಡ್‌ಗಳಲ್ಲಿ ಡ್ರಮ್ಸ್ ನುಡಿಸುವವರು, ಬೇಸ್ ಗಿಟಾರ್ ಹಿಡಿದವರು ಇರುತ್ತಾರೆ. ಇನ್ನು ಮೃದಂಗ, ತಬಲಾ, ಖಂಜಿರ ಕಲಿತವರು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಒಂದು ಧ್ವನಿಮುದ್ರಣ ಮಾಡಿದ್ದು ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ. ಅದರಲ್ಲಿ ಹಾಡಿದವರು ಆರ್.ಎ. ರಮಾಮಣಿ. ನಮ್ಮ ಲಯದವರನ್ನು ಜಾಝ್ ಪ್ರಪಂಚ ಯಾವತ್ತೋ ಗುರುತಿಸಿದೆ. ನಾವೂ ಗುರುತಿಸಬೇಕು ಅಲ್ವಾ?

ಕೊನೆಯದಾಗಿ ನುಡಿಸಲು ಬಾರದೆ ಬರೀ ಕೇಳುವವರು. ತೋಟದ ಮನೆಗಳಲ್ಲಿ ಹಳೆಯ ರೆಕಾರ್ಡ್ ಇಟ್ಟುಕೊಂಡವರು, ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು ಊರಿಗೆ ಮರಳಿದವರು. ಬಳಗದ ಅರ್ಧ ಭಾರ ಹೊರುವವರು ಇವರೇ.

ಕರೆಯುವ ರೀತಿಯೂ ಮುಖ್ಯ. ವಾಟ್ಸಾಪ್‌ನಲ್ಲಿ ಪೋಸ್ಟರ್ ಹಾಕಿ ಕಾಯಬೇಡಿ. ಅವರು ನುಡಿಸುವ ಜಾಗಕ್ಕೆ ಹೋಗಿ, ಪೂರ್ತಿ ಕೇಳಿ, ಆಮೇಲೆ ಮಾತನಾಡಿಸಿ. ವಾಲಗದವರು, ಬ್ಯಾಂಡಿನವರು ಇದರಲ್ಲೇ ಹೊಟ್ಟೆ ಹೊರೆಯುವವರು. ಮುಹೂರ್ತ ಇರುವ ದಿನ ಅವರನ್ನು ಸುಮ್ನೆ ಬಂದು ನುಡಿಸಿ ಅನ್ನುವುದು ತಪ್ಪು. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳಿರುವುದಿಲ್ಲ. ಅವರನ್ನು ಮೊದಲ ಸಲ ಕರೆಯಲು ಅದೇ ಸರಿಯಾದ ಕಾಲ. ಚರ್ಚ್‌ನವರಿಗೆ ಡಿಸೆಂಬರ್ ಕಷ್ಟ, ಆಗ ಕ್ರಿಸ್ಮಸ್ ಅಭ್ಯಾಸ ನಡೆಯುತ್ತಿರುತ್ತದೆ.

ಎರಡನೇ ಹೆಜ್ಜೆ: ಕೆಲಸಗಳನ್ನು ಬೇರೆ ಬೇರೆ ಕೈಗೆ ಕೊಡಿ

ಒಬ್ಬರೇ ಎಲ್ಲ ಮಾಡುವ ಬಳಗ ಅವರ ಮಗಳ ಮದುವೆ ಬಂದಾಗ ನಿಲ್ಲುತ್ತದೆ. ಕನಿಷ್ಠ ಐದು ಹೊಣೆಗಳನ್ನು ಬೇರೆ ಬೇರೆಯವರು ಹೊರಬೇಕು.

ಸಂಚಾಲಕರು ಫೋನ್ ಮಾಡುವವರು. ವಾರಕ್ಕೆ ಮೊದಲು ಒಂದು ಸಲ, ಹಿಂದಿನ ದಿನ ಇನ್ನೊಂದು ಸಲ. ಸಂಗೀತ ಗೊತ್ತಿರಲೇಬೇಕು ಅಂತಿಲ್ಲ. ಜನರ ಕಷ್ಟ ಸುಖ ಗೊತ್ತಿರಬೇಕು.

ಜಾಮ್ ಅಂದರೆ ಬಂದವರೆಲ್ಲ ಸೇರಿ ಸರದಿಯಂತೆ ನುಡಿಸುವ ಕೂಟ. ಅದನ್ನು ನಡೆಸುವವರು ಸಂಗೀತದ ಹೊಣೆ ಹೊತ್ತವರು. ಯಾವ ಹಾಡು, ಯಾವ ಶ್ರುತಿ, ಯಾರು ಯಾವಾಗ ನುಡಿಸಬೇಕು ಅಂತ ನಿರ್ಧರಿಸುವವರು. ಊರಿನ ಅತ್ಯುತ್ತಮ ವಾದಕರಿಗೇ ಈ ಕೆಲಸ ಕೊಡಬೇಕಿಲ್ಲ. ಬೇರೆಯವರು ಚೆನ್ನಾಗಿ ನುಡಿಸಿದಾಗ ಯಾರ ಮುಖ ಅರಳುತ್ತದೋ ಅವರಿಗೆ ಕೊಡಿ. ಸಂಚಾಲಕರು ಮತ್ತು ಜಾಮ್ ನಡೆಸುವವರು ಒಬ್ಬರೇ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇವತ್ತು ನಿಮ್ಮ ಸರದಿ ಮುಗಿಯಿತು ಅಂತ ಒಬ್ಬರಿಗೆ ಹೇಳಬೇಕಾದವರೇ, ಬೇಸರ ಮಾಡಿಕೊಂಡ ಅವರನ್ನು ಮುಂದಿನ ತಿಂಗಳು ಮತ್ತೆ ಕರೆಯುವುದು ಕಷ್ಟ.

ರಿದಂ ತಂಡ ಅಂದರೆ ಡ್ರಮ್ಸ್, ಬೇಸ್, ಕೀಬೋರ್ಡ್ ಅಥವಾ ಗಿಟಾರ್. ಈ ಮೂವರು ಪ್ರತಿ ತಿಂಗಳೂ ಬರಬೇಕು, ಉಳಿದವರು ಬಂದು ಹೋಗಬಹುದು. 1940ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಮಿಂಟನ್ಸ್ ಪ್ಲೇಹೌಸ್ ಎಂಬ ಜಾಗದಲ್ಲಿ ಹೊಸ ಬಗೆಯ ಜಾಝ್ ಹುಟ್ಟಿತು. ಅಲ್ಲಿ ಡ್ರಮ್ಸ್‌ಗೆ ಕೆನ್ನಿ ಕ್ಲಾರ್ಕ್, ಪಿಯಾನೊಗೆ ಥೆಲೋನಿಯಸ್ ಮಂಕ್ ಖಾಯಂ ಇರುತ್ತಿದ್ದರು. ಡಿಜ್ಜಿ ಗಿಲೆಸ್ಪಿ, ಚಾರ್ಲಿ ಕ್ರಿಶ್ಚಿಯನ್ ಅಂಥವರು ಬಂದು ಸೇರುತ್ತಿದ್ದರು. ಆ ಜಾಗ ನೋಡಿಕೊಳ್ಳುತ್ತಿದ್ದ ಟೆಡ್ಡಿ ಹಿಲ್ ಹಿಂದೆ ತಾನೇ ಬ್ಯಾಂಡ್ ನಡೆಸಿದವರು. ಸೋಮವಾರ ರಾತ್ರಿ ಬಂದ ಕಲಾವಿದರಿಗೆ ಅವರು ಪುಕ್ಕಟೆ ಊಟ ಹಾಕಿಸುತ್ತಿದ್ದರು. ಖಾಯಂ ರಿದಂ ತಂಡ ಮತ್ತು ಊಟ, ಇವೆರಡನ್ನು ಅವರಿಂದ ಕಲಿಯಬಹುದು. ನಮ್ಮಲ್ಲಿ ಕಾಫಿ, ಅಕ್ಕಿ ರೊಟ್ಟಿ, ಕಡುಬು ಇದ್ದರೆ ಆಯಿತು. ತಿಂಡಿ ತಿನ್ನುತ್ತಾ ನಿಂತಾಗಲೇ ಟ್ರಂಪೆಟ್‌ನವರು ಕೀಬೋರ್ಡಿನ ಹುಡುಗಿಯನ್ನು ಆ ಕಾರ್ಡ್ ಯಾವುದಮ್ಮಾ ಅಂತ ಕೇಳುವುದು.

ನಾಲ್ಕನೆಯದು ಜಾಗ ಮತ್ತು ಸೌಂಡ್, ಐದನೆಯದು ಲೆಕ್ಕ. ಈ ಎರಡಕ್ಕೂ ಗಣೇಶೋತ್ಸವ ಸಮಿತಿಯಲ್ಲೋ ರಾಜ್ಯೋತ್ಸವ ಸಮಿತಿಯಲ್ಲೋ ದುಡಿದವರನ್ನು ಹುಡುಕಿ. ಅನುಮತಿ ಎಲ್ಲಿ ಪಡೆಯಬೇಕು, ಶಾಮಿಯಾನದವರ ಹತ್ತಿರ ಹೇಗೆ ಮಾತನಾಡಬೇಕು, ರಸೀದಿ ಹೇಗೆ ಬರೆಯಬೇಕು, ಎಲ್ಲವೂ ಅವರಿಗೆ ಗೊತ್ತು. ಜಾಝ್ ಕೇಳದವರು ಅಂತ ಹಿಂಜರಿಯಬೇಡಿ. ಒಂದೆರಡು ಸಂಜೆ ಕೂತರೆ ಅವರೂ ಕೇಳುತ್ತಾರೆ.

ಮೂರನೇ ಹೆಜ್ಜೆ: ಜಾಗ, ದಿನ, ಹೊತ್ತು

ಮೊದಲಿಗೆ ಕುವೆಂಪು ಕಲಾಮಂದಿರದ ಕಡೆ ನೋಡಬೇಡಿ. ಹಾಸನದವರಾದರೆ ಹಾಸನಾಂಬ ಕಲಾಕ್ಷೇತ್ರವೂ ಆಮೇಲೆ. ದೊಡ್ಡ ಸಭಾಂಗಣದಲ್ಲಿ ಮೂವತ್ತು ಜನ ಕೂತರೆ ಖಾಲಿ ಖಾಲಿ ಕಾಣುತ್ತದೆ, ನುಡಿಸುವವರಿಗೂ ಹುಮ್ಮಸ್ಸು ಇಳಿಯುತ್ತದೆ. ಶಾಲೆಯ ಒಂದು ಕೊಠಡಿ, ಕೆಫೆಯ ಹಿಂಬದಿ, ಪ್ಯಾರಿಷ್ ಹಾಲ್, ಹೋಂಸ್ಟೇಯ ಜಗಲಿ, ಕಾಫಿ ಗೋಡೌನಿನ ಒಂದು ಮೂಲೆ ಸಾಕು. ಜಾಝ್ ಅಂದರೆ ಬಾರ್ ಬೇಕು ಅನ್ನುವವರಿಗೆ ಪ್ರಿಸರ್ವೇಷನ್ ಹಾಲ್ ಕಥೆ ಹೇಳಿ. ಬಾರ್ ಅಲ್ಲದ ಜಾಗವಾದರೆ ಮಕ್ಕಳು, ಹೆಣ್ಣುಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಬರುತ್ತಾರೆ.

ದಿನ ಭಾನುವಾರ, ಹೊತ್ತು ಸಂಜೆ 4ರಿಂದ 7. ಇದಕ್ಕೆ ಕಾರಣಗಳಿವೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗರು ಹೊರಡುತ್ತಾರೆ, ಹೋಂಸ್ಟೇ ನಡೆಸುವವರಿಗೆ ಬಿಡುವು ಸಿಗುತ್ತದೆ. ಚರ್ಚ್‌ನವರ ಬೆಳಗಿನ ಕೆಲಸ ಮುಗಿದಿರುತ್ತದೆ. ಮೂಡಿಗೆರೆ, ಆಲ್ದೂರು ಕಡೆಯಿಂದ ಬರುವವರು ತೀರಾ ತಡವಾಗುವ ಮುಂಚೆ ಮನೆ ಸೇರಬೇಕು. ತೋಟದ ದಾರಿಯಲ್ಲಿ ಆನೆಯ ಭಯ ನಿಜವಾದ ಭಯ. ರಾತ್ರಿ ಹತ್ತರವರೆಗೆ ನಡೆಸುತ್ತೇವೆ ಅಂದರೆ ಆ ಜನ ಎರಡನೇ ಸಲ ಬರುವುದಿಲ್ಲ.

ತಿಂಗಳ ಇಷ್ಟನೇ ಭಾನುವಾರ ಅಂತ ನಿಗದಿ ಮಾಡಿ ಹಾಗೆಯೇ ಉಳಿಸಿಕೊಳ್ಳಿ. ಆರು ಜನ ಬಂದರೂ ನಡೆಸಿ.

ನಾಲ್ಕನೇ ಹೆಜ್ಜೆ: ಮೊದಲ ಸಂಜೆ ಏನು ನುಡಿಸಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಷ್ಟೋ ಬಳಗ ಮುರಿಯುವುದು ಮೊದಲ ಸಂಜೆಯೇ. ಯಾರೋ ಕಷ್ಟದ ಹಾಡು ಆರಿಸುತ್ತಾರೆ, ಇಬ್ಬರು ನುಡಿಸುತ್ತಾರೆ, ಹತ್ತು ಜನ ವಾದ್ಯ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ.

ಹನ್ನೆರಡು ಬಾರ್‌ನ ಬ್ಲೂಸ್ ಒಂದನ್ನೇ ಇಟ್ಟುಕೊಳ್ಳಿ. ಬ್ಲೂಸ್ ಅಂದರೆ ಜಾಝ್‌ನ ಬೇರಾದ ಸರಳ ಹಾಡಿನ ಅಚ್ಚು, ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಅಳತೆ. ಬಿ ಫ್ಲ್ಯಾಟ್ ಶ್ರುತಿಯಲ್ಲಿ ಇರಲಿ, ಊದುವ ವಾದ್ಯಗಳಿಗೆ ಇದು ಹಿತ. ಕೀಬೋರ್ಡ್, ಗಿಟಾರ್, ಬೇಸ್‌ನವರು ಬಿ ಫ್ಲ್ಯಾಟ್‌ನಲ್ಲೇ ಇರುತ್ತಾರೆ. ಟ್ರಂಪೆಟ್, ಟೆನರ್ ಸ್ಯಾಕ್ಸೋಫೋನ್, ಮಾಮೂಲಿ ಕ್ಲಾರಿನೆಟ್‌ನವರಿಗೆ ಅವರ ವಾದ್ಯದ ಲೆಕ್ಕದಲ್ಲಿ ಅದೇ ಶ್ರುತಿ ಸಿ ಆಗುತ್ತದೆ. ಆಲ್ಟೋ ಸ್ಯಾಕ್ಸೋಫೋನ್‌ನವರಿಗೆ ಜಿ. ಈ ಮೂರು ಅಕ್ಷರಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ.

ಕಾರ್ಡ್‌ಗಳು ಮೂರೇ. ಮೊದಲ ನಾಲ್ಕು ಬಾರ್ ಬಿ ಫ್ಲ್ಯಾಟ್ ಸೆವೆನ್. ಐದು, ಆರು ಇ ಫ್ಲ್ಯಾಟ್ ಸೆವೆನ್. ಏಳು, ಎಂಟು ಮತ್ತೆ ಬಿ ಫ್ಲ್ಯಾಟ್ ಸೆವೆನ್. ಒಂಬತ್ತು ಎಫ್ ಸೆವೆನ್, ಹತ್ತು ಇ ಫ್ಲ್ಯಾಟ್ ಸೆವೆನ್, ಹನ್ನೊಂದು ಬಿ ಫ್ಲ್ಯಾಟ್ ಸೆವೆನ್, ಹನ್ನೆರಡು ಎಫ್ ಸೆವೆನ್. ಅಲ್ಲಿಂದ ಮತ್ತೆ ಮೊದಲಿಗೆ.

ತಾಳ ಗೊತ್ತಿರುವವರಿಗೆ ಹೀಗೆ ಹೇಳಿ: ಒಂದು ಬಾರ್‌ಗೆ ನಾಲ್ಕು ಎಣಿಕೆ, ಹನ್ನೆರಡು ಬಾರ್‌ಗೆ 48. ಅಂದರೆ ಆದಿತಾಳದ ಆರು ಆವರ್ತ. ಮೊದಲ ಎರಡು ಆವರ್ತ ಷಡ್ಜದ ಮೇಲೆ. ಮೂರನೆಯದು ಮಧ್ಯಮದ ಮೇಲೆ. ನಾಲ್ಕನೆಯದು ಷಡ್ಜಕ್ಕೆ ವಾಪಸ್. ಐದನೆಯದರಲ್ಲಿ ಅರ್ಧ ಪಂಚಮ, ಅರ್ಧ ಮಧ್ಯಮ. ಆರನೆಯದರಲ್ಲಿ ಷಡ್ಜಕ್ಕೆ ಬಂದು ಪಂಚಮದಲ್ಲಿ ತಿರುಗಿಕೊಳ್ಳುವುದು. ಕೈಯಲ್ಲಿ ತಾಳ ಹಾಕುತ್ತಾ ನಾಲ್ಕೈದು ಸುತ್ತು ಕೇಳಿದರೆ ಸಾಕು, ವಾಲಗದ ಸ್ಯಾಕ್ಸೋಫೋನ್‌ನವರಿಗೆ ಜಾಗ ತಪ್ಪುವುದಿಲ್ಲ.

ಯಾವ ಸ್ವರ ನುಡಿಸಬೇಕು ಅಂತ ಕೇಳುತ್ತಾರೆ. ಶುದ್ಧ ಧನ್ಯಾಸಿಯ ಐದು ಸ್ವರ ಸಾಕು. ಸ, ಗ, ಮ, ಪ, ನಿ. ಬಿ ಫ್ಲ್ಯಾಟನ್ನೇ ಷಡ್ಜ ಮಾಡಿಕೊಂಡರೆ ಹನ್ನೆರಡೂ ಬಾರ್‌ಗಳ ಮೇಲೆ ಇದು ಕೂರುತ್ತದೆ. ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ ಪ್ರತಿ ಮಧ್ಯಮವನ್ನು ಮುಟ್ಟಿ ಜಾರಿದರೆ ಬ್ಲೂಸ್‌ನ ಬಣ್ಣ ಬರುತ್ತದೆ. ಇನ್ನೂ ಹಗುರಾಗಿ ಬೇಕೆಂದರೆ ಮೋಹನದ ಸ್ವರಗಳನ್ನು ಪ್ರಯತ್ನಿಸಿ. ಆದರೆ ಇದನ್ನು ರಾಗಾಲಾಪನೆ ಮಾಡಲು ಬಿಡಬೇಡಿ. ಜಾಮ್ ನಡೆಸುವವರು ಇಲ್ಲಿ ಒಂದೇ ಮಾತು ಹೇಳಬೇಕು: ಎರಡು ಬಾರ್ ನುಡಿಸಿ, ಎರಡು ಬಾರ್ ಬಿಡಿ. ಆ ಖಾಲಿ ಜಾಗದಲ್ಲಿ ಕೀಬೋರ್ಡ್‌ನವರು ಏನು ಉತ್ತರ ಕೊಡುತ್ತಾರೆ ಅಂತ ಕೇಳಿಸಿಕೊಂಡು ಮುಂದಿನ ಮಾತು ನುಡಿಸಿ. ಬ್ಲೂಸ್ ಬೆಳೆದದ್ದೇ ಒಬ್ಬರು ಕರೆದು ಇನ್ನೊಬ್ಬರು ಓಗೊಡುವ ಹಾಡುಗಾರಿಕೆಯಿಂದ. ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿಯ ನೋವು ಉಂಡ ಕಪ್ಪು ಜನರ ಹೊಲದ ಹಾಡು, ಪ್ರಾರ್ಥನೆಯ ಹಾಡುಗಳಲ್ಲಿ ಅದರ ಬೇರು ಇದೆ. ಇದನ್ನು ಹೊಸಬರಿಗೆ ಮೊದಲ ಸಂಜೆಯೇ ಹೇಳಬೇಕು. ಸಂಗೀತದ ಜೊತೆಗೆ ಅದನ್ನು ಕಟ್ಟಿದವರ ಗೌರವವೂ ಬಳಗಕ್ಕೆ ಬರಲಿ.

ಡ್ರಮ್ಸ್ ಹುಡುಗರಿಗೆ ಒಂದು ಮಾತು. ರಾಕ್ ನುಡಿಸಿ ಅಭ್ಯಾಸವಾದವರು ಜೋರಾಗಿ ಹೊಡೆಯುತ್ತಾರೆ. ಬಲಗೈ ರೈಡ್ ಸಿಂಬಲ್ ಮೇಲೆ ಹಗುರವಾಗಿ ಓಡಲಿ, ಎಡಗಾಲು ಹೈ-ಹ್ಯಾಟನ್ನು ಎರಡು ಮತ್ತು ನಾಲ್ಕನೇ ಎಣಿಕೆಗೆ ಮುಚ್ಚಲಿ. ಕೋಲಿನ ಬದಲು ಬ್ರಷ್ ಕೊಟ್ಟು ನೋಡಿ, ಇಡೀ ಕೊಠಡಿಯ ಮಾತೇ ಬದಲಾಗುತ್ತದೆ. ಮೃದಂಗ ಅಥವಾ ತಬಲಾ ಇದ್ದರೆ ಡ್ರಮ್ಸ್ ಜೊತೆ ಒಟ್ಟಿಗೆ ಪೂರ್ತಿ ಹೊತ್ತು ನುಡಿಸುವುದು ಬೇಡ, ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿಯಲಿ. ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸುವ ಪದ್ಧತಿ ಜಾಝ್‌ನಲ್ಲಿದೆ. ಅದು ಆದಿತಾಳದ ಎರಡೆರಡು ಆವರ್ತ. ತನಿ ಆವರ್ತನದಲ್ಲಿ ಇಬ್ಬರು ಹಂಚಿಕೊಂಡು ನುಡಿಸಿದವರಿಗೆ ಇದನ್ನು ಕಲಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಸನ್ನೆಗಳು. ಜಾಮ್ ನಡೆಸುವವರು ತಲೆ ಮುಟ್ಟಿಕೊಂಡರೆ ಎಲ್ಲರೂ ಹಾಡಿನ ಮೂಲ ಧಾಟಿಗೆ ಮರಳಬೇಕು. ನಾಲ್ಕು ಬೆರಳು ಎತ್ತಿದರೆ ನಾಲ್ಕು ನಾಲ್ಕು ಬಾರ್ ಹಂಚಿಕೆ. ಮುಷ್ಟಿ ಎತ್ತಿದರೆ ಮುಕ್ತಾಯ. ಒಬ್ಬರಿಗೆ ಎರಡು ಸುತ್ತು, ಅಂದರೆ 24 ಬಾರ್. ಇದನ್ನು ಎಷ್ಟೇ ದೊಡ್ಡ ಕಲಾವಿದರಿಗೂ ಪಾಲಿಸಿ. ಹೊಸಬರಿಗೆ ಸರದಿ ಮೊದಲ ಅರ್ಧ ಗಂಟೆಯಲ್ಲೇ ಬರಲಿ. ಕೊನೆಗೆ ಇಟ್ಟರೆ ಅವರ ಕೈ ತಣ್ಣಗಾಗಿರುತ್ತದೆ, ಧೈರ್ಯವೂ ಇಳಿದಿರುತ್ತದೆ.

ಡಬಲ್ ಬೇಸ್ ಇಲ್ಲ ಅಂತ ಕೊರಗಬೇಡಿ. ಬೇಸ್ ಗಿಟಾರ್ ಸಾಕು, ಅದೂ ಇಲ್ಲದಿದ್ದರೆ ಕೀಬೋರ್ಡ್‌ನ ಎಡಗೈ ಸಾಕು. ಸಣ್ಣ ಕೊಠಡಿಯಲ್ಲಿ ಹಾಡುವವರಿಗೆ ಮಾತ್ರ ಮೈಕ್ ಕೊಡಿ.

ಐದನೇ ಹೆಜ್ಜೆ: ಕೇಳುಗರನ್ನು ಬಳಗದ ಸದಸ್ಯರಾಗಿ ನೋಡಿ

ನ್ಯೂ ಆರ್ಲಿಯನ್ಸ್‌ನ ಕಪ್ಪು ಜನರ ಬಡಾವಣೆಗಳಲ್ಲಿ ನೆರವಿನ ಸಂಘಗಳು ಇದ್ದವು, ಈಗಲೂ ಇವೆ. ಸದಸ್ಯರು ಚಂದಾ ಕೊಡುತ್ತಿದ್ದರು. ಕಾಯಿಲೆ ಬಿದ್ದವರಿಗೆ ನೆರವು, ಸತ್ತವರಿಗೆ ಗೌರವದ ಮಣ್ಣು, ಮೆರವಣಿಗೆಗೆ ಬ್ರಾಸ್ ಬ್ಯಾಂಡ್, ಎಲ್ಲವೂ ಆ ದುಡ್ಡಿನಲ್ಲೇ ನಡೆಯುತ್ತಿತ್ತು. ಎಷ್ಟೋ ವಾದಕರಿಗೆ ಕೆಲಸ ಕೊಟ್ಟದ್ದು ಈ ಸಂಘಗಳ ಸಾಮಾನ್ಯ ಸದಸ್ಯರು. ಬ್ಯಾಂಡಿನ ಹಿಂದೆ ಕುಣಿಯುತ್ತಾ ಬರುವ ಜನರಿಗೂ ಆ ಮೆರವಣಿಗೆಯಲ್ಲಿ ಹೆಸರಿದೆ, ಸ್ಥಾನವಿದೆ. ಅವರಿಲ್ಲದೆ ಮೆರವಣಿಗೆ ಪೂರ್ತಿಯಾಗುವುದಿಲ್ಲ.

ನಮ್ಮಲ್ಲಿ ಏನು ಮಾಡಬಹುದು? ಪ್ರತಿ ಹಾಡಿಗೆ ಮೊದಲು ಒಂದು ನಿಮಿಷ ಕನ್ನಡದಲ್ಲಿ ಹೇಳಿ. ಇದು ಹನ್ನೆರಡು ಬಾರ್, ಮೊದಲು ಹಾಡಿನ ಮೂಲ ಧಾಟಿ ಬರುತ್ತದೆ, ಆಮೇಲೆ ಒಬ್ಬೊಬ್ಬರೂ ಅದರ ಮೇಲೆ ತಮ್ಮದನ್ನು ನುಡಿಸುತ್ತಾರೆ, ಒಬ್ಬರದು ಮುಗಿದಾಗ ಚಪ್ಪಾಳೆ ತಟ್ಟಬಹುದು. ಇಷ್ಟು ತಿಳಿದರೆ ಕೇಳುಗರು ಬಿಗಿಯಾಗಿ ಕೂರುವುದಿಲ್ಲ. ಪ್ರತಿ ತಿಂಗಳೂ ಬರುವವರಿಗೆ ಒಂದು ಸಣ್ಣ ಕೆಲಸ ಕೊಡಿ. ಬಾಗಿಲಲ್ಲಿ ನಿಂತು ಹೆಸರು ಬರೆದುಕೊಳ್ಳುವುದು, ಕಾಫಿ ಹಂಚುವುದು, ಫೋಟೊ ತೆಗೆಯುವುದು. ಮಾಡುವ ಕೆಲಸ ಇದ್ದವರು ಬಳಗವನ್ನು ತಮ್ಮದು ಅನ್ನುತ್ತಾರೆ. ಹಾಡುವ ಹೆಣ್ಣುಮಕ್ಕಳನ್ನು ಕರೆತಂದು ಮನೆಗೆ ಬಿಡುವ ಹೊಣೆಯನ್ನೂ ಯಾರಾದರೂ ಒಬ್ಬರು ತೆಗೆದುಕೊಳ್ಳಲಿ. ಇದು ಸಣ್ಣ ಮಾತಲ್ಲ. ಎಷ್ಟೋ ಒಳ್ಳೆಯ ದನಿಗಳು ಮನೆಯಲ್ಲೇ ಉಳಿಯುವುದು ವಾಪಸ್ ಹೋಗುವ ದಾರಿಯ ಚಿಂತೆಯಿಂದ.

ಆರನೇ ಹೆಜ್ಜೆ: ದುಡ್ಡು ಮತ್ತು ಕಾನೂನು

ಬಾಗಿಲಲ್ಲಿ ಒಂದು ಹುಂಡಿ ಇಡಿ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಮುಂದಿನ ಸಂಜೆಯ ಶುರುವಿನಲ್ಲೇ ಓದಿ ಹೇಳಿ. ಮೊದಲ ಖರ್ಚು ದೂರದಿಂದ ಬಂದ ವಾದಕರ ಬಸ್ ಚಾರ್ಜು. ಆಮೇಲೆ ಸಂಗೀತವೇ ಜೀವನೋಪಾಯ ಆದವರಿಗೆ ಕೈಗೆ ಏನಾದರೂ. ಬ್ಯಾನರ್, ಶಾಲು, ಹಾರಗಳಿಗೆ ದುಡ್ಡು ಹಾಕಬೇಡಿ.

ಕಂಪನಿಗಳೋ ಎಸ್ಟೇಟ್‌ಗಳೋ ಪ್ರಾಯೋಜಕರಾಗಿ ಬಂದರೆ ಬ್ಯಾಂಕ್ ಖಾತೆ ಬೇಕಾಗುತ್ತದೆ. ಆಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ನೋಂದಾಯಿಸಿ. ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕು. ಮೊದಲ ವರ್ಷವೇ ಇದಕ್ಕೆ ಕೈ ಹಾಕಬೇಡಿ, ಬಳಗ ನಿಲ್ಲುತ್ತದೆ ಅಂತ ಖಾತ್ರಿಯಾದ ಮೇಲೆ ಮಾಡಿ.

ಹಕ್ಕುಸ್ವಾಮ್ಯದ ವಿಷಯಕ್ಕೆ ಜನ ಹೆದರುತ್ತಾರೆ. ಹವ್ಯಾಸಿ ಸಂಘವೊಂದು ಹಣ ಕೊಡದ ಕೇಳುಗರ ಮುಂದೆ ನಡೆಸುವ ಕಾರ್ಯಕ್ರಮಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟರೆ ಮಾತು ಬೇರೆ, ಆಗ ಐಪಿಆರ್‌ಎಸ್ (ಸಂಗೀತ ರಚಿಸಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಕಡೆಯಿಂದ ಪರವಾನಗಿ ಪಡೆಯಬೇಕಾಗಬಹುದು. ಭಾರತದಲ್ಲಿ ಸಂಗೀತ ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಸ್ಕಾಟ್ ಜಾಪ್ಲಿನ್ 1917ರಲ್ಲಿ, ಜೆಲ್ಲಿ ರೋಲ್ ಮಾರ್ಟನ್ 1941ರಲ್ಲಿ, ಡಬ್ಲ್ಯು.ಸಿ. ಹ್ಯಾಂಡಿ 1958ರಲ್ಲಿ ತೀರಿಕೊಂಡರು. ಇವರು ಒಬ್ಬರೇ ರಚಿಸಿದ ಕೃತಿಗಳಿಂದ ಶುರು ಮಾಡಿದರೆ ತಲೆನೋವಿಲ್ಲ. ನಮ್ಮವರೇ ರಚಿಸಿದ ಬ್ಲೂಸ್ ಆದರೆ ಇನ್ನೂ ಚೆನ್ನ.

ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸರ ಲಿಖಿತ ಅನುಮತಿ ತೆಗೆದುಕೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಅಕ್ಕಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿ, ಅವರನ್ನೂ ಕರೆಯಿರಿ.

ಏಳನೇ ಹೆಜ್ಜೆ: ಮಲೆನಾಡಿನ ಕಾಲಮಾನಕ್ಕೆ ಹೊಂದಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕರೆಂಟ್ ಹೋಗುತ್ತದೆ, ದಾರಿ ಕೆಡುತ್ತದೆ. ಈ ತಿಂಗಳುಗಳಲ್ಲಿ ಮೈಕ್, ಆಂಪ್ಲಿಫೈಯರ್ ಇಲ್ಲದ ಸಂಜೆಗಳನ್ನು ಮಾಡಿ. ಯಾರದೋ ಮನೆಯಲ್ಲಿ ರೆಕಾರ್ಡ್ ಹಾಕಿ ಕೇಳಿ, ಕೇಳಿದ್ದರ ಬಗ್ಗೆ ಮಾತನಾಡಿ. ಆಷಾಢದಲ್ಲಿ ಬಿಡುವಾಗಿರುವ ಬ್ಯಾಂಡಿನವರಿಗೂ ಚರ್ಚ್ ಕೀಬೋರ್ಡ್‌ನವರಿಗೂ ಕೂತು ಕಾರ್ಡ್ ಕಲಿಯಲು ಇದೇ ಸಮಯ.

ವಾದ್ಯಗಳಿಗೆ ಈ ತೇವ ಶತ್ರು. ಸ್ಯಾಕ್ಸೋಫೋನ್ ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದಿದ್ದರೆ ಪ್ಯಾಡ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ರೀಡ್‌ಗಳನ್ನು ಒಣಗಿಸಿ ಡಬ್ಬಿಯಲ್ಲಿಡಿ. ಗಿಟಾರ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗೋಡೆಗೆ ಒರಗಿಸಬೇಡಿ. ಬಳಗದ ಕೀಬೋರ್ಡ್, ಡ್ರಮ್ಸ್ ಇಟ್ಟಿರುವ ಕೊಠಡಿಯನ್ನು ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸುವುದು ಯಾರ ಕೆಲಸ ಅಂತ ಮಳೆಗೆ ಮುಂಚೆಯೇ ತೀರ್ಮಾನಿಸಿ.

ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ತೋಟದವರಿಗೂ ಕಾರ್ಮಿಕರಿಗೂ ಫೆಬ್ರವರಿವರೆಗೆ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ, ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ಹಾಗಾದರೆ ದೊಡ್ಡ ಕಾರ್ಯಕ್ರಮ ಯಾವಾಗ?

ಏಪ್ರಿಲ್ 30. ಯುನೆಸ್ಕೋ 2011ರಲ್ಲಿ ಆ ದಿನವನ್ನು ಅಂತರರಾಷ್ಟ್ರೀಯ ಜಾಝ್ ದಿನ ಅಂತ ಘೋಷಿಸಿತು. ಅದರ ಹಿಂದೆ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಇದ್ದರು. ಮೊದಲ ಆಚರಣೆ 2012ರಲ್ಲಿ ಆಯಿತು. ನಮ್ಮ ಊರಿಗೆ ಹೇಳಿ ಮಾಡಿಸಿದ ದಿನ ಇದು. ಕೊಯ್ಲು ಮುಗಿದಿದೆ, ಶಾಲೆಗೆ ರಜೆ, ಮುಂಗಾರು ಇನ್ನೂ ದೂರ. ಮದುವೆ ಸೀಸನ್ ಮಾತ್ರ ಇರುತ್ತದೆ, ಆದ್ದರಿಂದ ವಾಲಗ ಮತ್ತು ಬ್ಯಾಂಡಿನವರ ದಿನವನ್ನು ಜನವರಿಯಲ್ಲೇ ಸಂಭಾವನೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಕುವೆಂಪು ಕಲಾಮಂದಿರಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಅದನ್ನೂ ಆಗಲೇ ವಿಚಾರಿಸಿ.

ಬೆಂಗಳೂರಿನಿಂದ ವಾದಕರನ್ನು ಕರೆಸುವುದಾದರೆ ಕಾರ್ಯಕ್ರಮಕ್ಕೆ ಒಂದು ದಿನ ಮೊದಲೇ ಬರಲಿ. ಐದು ಗಂಟೆ ದಾರಿ, ಬಂದ ಕೂಡಲೇ ವೇದಿಕೆಗೆ ಹತ್ತಿಸುವುದು ಸರಿಯಲ್ಲ. ಹಿಂದಿನ ದಿನ ನಮ್ಮ ರಿದಂ ತಂಡದ ಜೊತೆ ಎರಡು ಗಂಟೆ ಕೂರಲಿ, ಮಕ್ಕಳಿಗೆ ಒಂದು ಗಂಟೆ ಹೇಳಿಕೊಡಲಿ. ಅತಿಥಿಗಳ ತಂಡ ನುಡಿಸಿ ಹೋದರೆ ಒಂದು ಸಂಜೆ ಚೆನ್ನಾಗಿರುತ್ತದೆ. ಊರಿನ ಇಬ್ಬರು ಅವರ ಜೊತೆ ವೇದಿಕೆ ಮೇಲೆ ಕೂತರೆ ಇಡೀ ವರ್ಷ ಬಳಗದಲ್ಲಿ ಅದರ ಬಿಸಿ ಇರುತ್ತದೆ. ವಸತಿಗೆ ಹೋಂಸ್ಟೇಯವರನ್ನು ಕೇಳಿ, ವಾರದ ಮಧ್ಯದ ದಿನಗಳಲ್ಲಿ ಕೋಣೆ ಖಾಲಿ ಇರುವ ಸಾಧ್ಯತೆ ಜಾಸ್ತಿ. ಅವರ ಹೆಸರನ್ನು ವೇದಿಕೆಯಲ್ಲಿ ವಾದಕರ ಹೆಸರಿನ ಜೊತೆಗೇ ಹೇಳಿ.

ಎಂಟನೇ ಹೆಜ್ಜೆ: ಹೊಣೆ ದಾಟಿಸಿ

1965ರಲ್ಲಿ ಷಿಕಾಗೋದಲ್ಲಿ ಮುಹಾಲ್ ರಿಚರ್ಡ್ ಅಬ್ರಾಮ್ಸ್ ಮತ್ತು ಗೆಳೆಯರು ಎಎಸಿಎಂ ಎಂಬ ವಾದಕರ ಸಂಘ ಕಟ್ಟಿದರು. ತಮ್ಮ ಕಾರ್ಯಕ್ರಮಗಳನ್ನು ತಾವೇ ನಡೆಸಿಕೊಂಡರು, ಬಡಾವಣೆಯ ಎಳೆಯರಿಗೆ ಪುಕ್ಕಟೆಯಾಗಿ ಸಂಗೀತ ಕಲಿಸಿದರು. ಕಲಿತವರಲ್ಲಿ ಕೆಲವರು ಮುಂದೆ ಆ ಸಂಘವನ್ನೇ ನಡೆಸಿದರು. ಅದು ಅರ್ಧ ಶತಮಾನಕ್ಕೂ ಮೀರಿ ಉಳಿದದ್ದು ಹೀಗೆ.

ಸಂಚಾಲಕರಿಗೆ ಎರಡು ವರ್ಷ, ಜಾಮ್ ನಡೆಸುವವರಿಗೆ ಒಂದು ವರ್ಷ ಅಂತ ಶುರುವಿನಲ್ಲೇ ಬರೆದಿಡಿ. ಮುಂದಿನವರು ಆರು ತಿಂಗಳು ಜೊತೆಯಲ್ಲಿದ್ದು ಕಲಿಯಲಿ. ಇಪ್ಪತ್ತೈದರ ಒಳಗಿನವರಿಗೆ ಒಂದಾದರೂ ಹೊಣೆ ಇರಲೇಬೇಕು. ಹುಡುಗರು ಓದಿಗೆ, ಕೆಲಸಕ್ಕೆ ಬೆಂಗಳೂರಿಗೆ ಹೋಗಿಬಿಡುತ್ತಾರೆ ಅಂತ ಹಿರಿಯರು ಹೇಳುವುದು ನಿಜ. ಹೋಗಲಿ. ರಜೆಗೆ ಬಂದಾಗ ಅಲ್ಲಿ ಕಲಿತ ಹೊಸ ಹಾಡು ತರುತ್ತಾರೆ, ಅತಿಥಿ ವಾದಕರ ಪರಿಚಯವನ್ನೂ ಮಾಡಿಸುತ್ತಾರೆ.

ಹೊಣೆ ಬಿಟ್ಟವರು ಮುಂದಿನ ಎರಡು ತಿಂಗಳ ಸಂಜೆಗಳಲ್ಲಿ ಸಲಹೆ ಕೊಡದೆ ಇರುವುದು ಒಳ್ಳೆಯದು. ಕೇಳಿದರೆ ಮಾತ್ರ ಹೇಳಿ. ಹೊಸಬರು ಹಾಡಿನ ಕ್ರಮ ಬದಲಿಸುತ್ತಾರೆ, ಕುರ್ಚಿ ಬೇರೆ ಕಡೆ ತಿರುಗಿಸುತ್ತಾರೆ. ಬದಲಿಸಲಿ ಬಿಡಿ.

ದಾಟಿಸಬೇಕಾದ ವಸ್ತುಗಳು ಇವು: ಹಾಲ್‌ನ ಬೀಗದ ಕೈ, ಫೋನ್ ನಂಬರ್‌ಗಳ ಪುಸ್ತಕ, ವಾದ್ಯಗಳ ಪಟ್ಟಿ, ಹಾಡುಗಳ ಶ್ರುತಿ ಬರೆದಿಟ್ಟ ಫೈಲ್, ಲೆಕ್ಕದ ಪುಸ್ತಕ. ಬ್ಯಾಂಕ್ ಖಾತೆಯಲ್ಲಿ ಸಹಿ ಬದಲಿಸಲು ಸಭೆಯ ನಿರ್ಣಯದ ಪ್ರತಿ ಕೇಳುತ್ತಾರೆ. ಅದನ್ನು ಸಭೆ ನಡೆದ ದಿನವೇ ಬರೆದು, ಹಳಬರೂ ಹೊಸಬರೂ ಸೇರಿ ಅದೇ ವಾರ ಬ್ಯಾಂಕಿಗೆ ಹೋಗಿ ಮುಗಿಸಿಬಿಡಿ.